ಮೋಹಿನಿಯಾಟ್ಟಂ ಹೆಣ್ಣಿನ ಪಾಲಿಗೇ ಉಳಿದದ್ದು ಹೇಗೆ?

ಕೇರಳದ ಕಲಾಶಾಲೆ ಕೇರಳ ಕಲಾಮಂಡಲಂ 2024ರ ಮಾರ್ಚ್‌ನಲ್ಲಿ ಹುಡುಗರಿಗೂ ಆ ನಾಡಿನ ಶಾಸ್ತ್ರೀಯ ನೃತ್ಯ ಮೋಹಿನಿಯಾಟ್ಟಂ ಕಲಿಸಲು ತೀರ್ಮಾನಿಸಿತು. ಅದಕ್ಕೆ ಕೆಲವೇ ದಿನ ಮೊದಲು ನರ್ತಕಿಯೊಬ್ಬರು, ಇದನ್ನು ಆಡುವವರು ಮೋಹಿನಿಯಂತಿರಬೇಕು, ಗಂಡಸು ಕಾಲಗಲಿಸಿ ಕುಣಿದರೆ ನೋಡಲಾಗದು ಎಂದಿದ್ದರು. ಮೈಬಣ್ಣವನ್ನೂ ಹೀಯಾಳಿಸಿದ್ದರು. ಹೆಸರೆತ್ತದಿದ್ದರೂ ಆ ಮಾತು ಯಾರಿಗೆ ತಗುಲಿತೆಂಬುದು ಗುಟ್ಟಾಗಿ ಉಳಿಯಲಿಲ್ಲ: ದಲಿತ ಸಮುದಾಯದ ಕಲಾವಿದ ಆರ್.ಎಲ್.ವಿ. ರಾಮಕೃಷ್ಣನ್ ಅವರಿಗೆ. ಇದೇ ನೃತ್ಯದಲ್ಲಿ ಡಾಕ್ಟರೇಟ್ ಪಡೆದವರು ಅವರು. ಕಲಾಮಂಡಲದ ವಿದ್ಯಾರ್ಥಿಗಳು ಅವರನ್ನು ಕರೆಸಿ, ತಮ್ಮ ಅಂಗಳದಲ್ಲೇ ಕುಣಿಸಿದರು.

ಕಾಲಗಲಿಸುವ ಮಾತನ್ನೇ ಹಿಡಿಯೋಣ. ಈ ನೃತ್ಯದ ಮೊದಲ ಪಾಠವೇ ಅರೆಮಂಡಿ. ಮಂಡಿಗಳು ಎರಡು ಬದಿಗೆ ತೆರೆದುಕೊಳ್ಳಬೇಕು, ಬೆನ್ನು ನೆಟ್ಟಗಿರಬೇಕು. ಆಮೇಲೆ ಸೊಂಟದಿಂದ ಮೇಲಿನ ಮೈ ಸಣ್ಣಗೆ ಸುತ್ತು ಹಾಕುತ್ತದೆ, ಗಾಳಿಗೆ ಭತ್ತದ ಪೈರು ಬಳುಕಿದ ಹಾಗೆ. ಹೆಜ್ಜೆ ನೆಲವನ್ನು ಒದೆಯುವುದಿಲ್ಲ. ಕೈ ಹೋದಲ್ಲಿಗೆ ಕಣ್ಣು ಹೋಗುತ್ತದೆ. ಹೆಣ್ಣುಮಕ್ಕಳೂ ವರ್ಷಗಟ್ಟಲೆ ಬೆವರು ಹರಿಸಿ ಕಲಿಯುವ ಲಾಸ್ಯವಿದು, ಹುಟ್ಟಿನಿಂದ ಬರುವುದಲ್ಲ.

ಹೆಸರು ಕೊಟ್ಟ ಮೋಹಿನಿಯಾದರೂ ಯಾರು? ಹೆಣ್ಣುರೂಪ ತಳೆದ ವಿಷ್ಣು. ಭಸ್ಮಾಸುರನ ತಲೆಯ ಮೇಲೆ ಅವನದೇ ಕೈ ಇರಿಸಿದ ಆ ಮೋಹಿನಿಯಾಗಿ ನಮ್ಮ ಯಕ್ಷಗಾನದ ಸ್ತ್ರೀವೇಷಧಾರಿಗಳು ಇರುಳಿಡೀ ರಂಗ ಬೆಳಗಿದ್ದನ್ನು ಕಂಡವರು ನಾವು.

ಹಾಡುಗಳ ಕಥೆಯೂ ಹೀಗೆಯೇ. ತಿರುವಾಂಕೂರಿನ ದೊರೆ ಸ್ವಾತಿ ತಿರುನಾಳ್ (1813–1846) ರಚಿಸಿದ ಪದಗಳಲ್ಲಿ ನಾಯಕಿ, ಪದ್ಮನಾಭ ಇನ್ನೂ ಬರಲಿಲ್ಲವೆಂದು ಗೆಳತಿಯೆದುರು ಹಲುಬುತ್ತಾಳೆ. ಆ ದೊರೆಯ ಆಸ್ಥಾನದಲ್ಲಿದ್ದ ತಂಜಾವೂರಿನ ಸಂಗೀತ-ನೃತ್ಯಗುರು ವಡಿವೇಲುವೂ ಗಂಡಸೇ. ಹೆಣ್ಣಿನ ವಿರಹವನ್ನು ಗಂಡಸು ಬರೆಯಬಹುದು, ರಾಗ ಕಟ್ಟಬಹುದು, ತಾಳ ಹಿಡಿದು ಕಲಿಸಬಹುದು. ರಂಗದ ಮೇಲೆ ನಿಂತು ಲೋಕದ ಮಾತು ಕೇಳಿಸಿಕೊಳ್ಳಬೇಕಾದವಳು ಮಾತ್ರ ಹೆಣ್ಣು.

ಕೇಳಿಸಿಕೊಂಡಳು ಕೂಡ. ದೊರೆ ತೀರಿಕೊಂಡ ಮೇಲೆ ಆಸ್ಥಾನದ ಆಸರೆ ತಪ್ಪಿತು. ನರ್ತಕಿಯರ ನಡತೆಗೆ ಮಸಿ ಬಳಿಯಲಾಯಿತು, ಮರ್ಯಾದಸ್ಥ ಮನೆಯವರು ಮಗಳನ್ನು ಈ ಕಲೆಯ ಹತ್ತಿರಕ್ಕೂ ಬಿಡದಂತಾಯಿತು. ಕವಿ ವಳ್ಳತ್ತೋಳ್ ನಾರಾಯಣ ಮೆನನ್ 1930ರಲ್ಲಿ ಕಲಾಮಂಡಲಂ ಕಟ್ಟಿ ಇದನ್ನು ಉಳಿಸಲು ಹೊರಟಾಗ ಕಲಿಯುವ ಹುಡುಗಿಯರೇ ಅಪರೂಪ. ಹಳೆಯ ಪಾಠ ಬಲ್ಲ ಗುರು ಕೃಷ್ಣ ಪಣಿಕ್ಕರ್. ಅವರಲ್ಲಿ ಕಲಿತ ಕಲ್ಯಾಣಿಕುಟ್ಟಿ ಅಮ್ಮ ಅಡವುಗಳನ್ನು, ಅಂದರೆ ಮೂಲ ಹೆಜ್ಜೆಗಳನ್ನು, ಒಟ್ಟುಮಾಡಿ, ರಂಗಪ್ರದರ್ಶನದ ಕ್ರಮ ಹೊಂದಿಸಿ, 1999ರಲ್ಲಿ ತೀರಿಕೊಳ್ಳುವವರೆಗೂ ಈ ಕಲೆಗಾಗಿ ದುಡಿದರು. ಜರಿಯಂಚಿನ ಕೆನೆಬಣ್ಣದ ಕಸವು ಸೀರೆ, ಎಡಕ್ಕೆ ಕಟ್ಟಿದ ತುರುಬು, ಅದರ ಸುತ್ತ ಮಲ್ಲಿಗೆ ಎಂದು ಇಂದು ನಾವು ಗುರುತಿಸುವ ರೂಪ ನೆಲೆಗೊಂಡದ್ದು ಈ ಪುನರುಜ್ಜೀವನದ ದಶಕಗಳಲ್ಲಿ. ಕಳಂಕ ಹೊತ್ತ ಕಲೆಗೆ ಮಾನ ಮರಳಿಸಲು ಆ ಹೆಂಗಸರು ಪಟ್ಟ ಪಾಡು ಸಣ್ಣದಲ್ಲ. ಇದು ನಮ್ಮದೆಂದು ಹೆಣ್ಣುಮಕ್ಕಳು ಹೇಳಿದರೆ ಆ ಹಕ್ಕಿನ ಮಾತನ್ನು ನಾನು ಗೌರವಿಸುತ್ತೇನೆ. ಆದರೆ ಬಣ್ಣ, ಮೈಕಟ್ಟು ನೋಡಿ ಬಾಗಿಲು ಹಾಕುವುದು ಆ ಹಕ್ಕಲ್ಲ.

ಇದೇ ಕಲಾಮಂಡಲಂ ಗಂಡಸರದೇ ಆಗಿದ್ದ ಕಥಕಳಿ ತರಗತಿಯನ್ನು 2021ರಲ್ಲಿ ಹುಡುಗಿಯರಿಗೆ ತೆರೆದಿತ್ತು. ಮೂರು ವರ್ಷಕ್ಕೆ ಮೋಹಿನಿಯಾಟ್ಟಂ ಸರದಿ ಬಂತು. 2025ರ ಆರಂಭದಲ್ಲಿ ರಾಮಕೃಷ್ಣನ್ ಅಲ್ಲಿ ಅಧ್ಯಾಪಕರಾಗಿ ಸೇರಿದರು, ಭರತನಾಟ್ಯ ಕಲಿಸಲು.