ವೋಟರ್ ಕಾರ್ಡ್ ಉಚಿತ, ಆದರೆ ಖರ್ಚು ಯಾರದ್ದು?

ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸಿದವರಿಗೆ ಎಪಿಕ್ ಕಾರ್ಡ್, ಅಂದರೆ ಫೋಟೋ ಇರುವ ವೋಟರ್ ಕಾರ್ಡ್, ಉಚಿತವಾಗಿ ಮನೆಗೇ ಬರುತ್ತದೆ. ಹಾಗಾಗಿ 'ಮತಗಟ್ಟೆಯಲ್ಲಿ ಕಾರ್ಡ್ ಕೇಳಿದರೆ ಯಾರಿಗೇನು ನಷ್ಟ?' ಅಂತ ಜನ ಕೇಳುತ್ತಾರೆ. ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳಾಗಿ ಹೇಳುತ್ತೇನೆ, ನಷ್ಟ ಇದೆ. ಒಂದು ಪಾಲು ಸರ್ಕಾರದ ಬೊಕ್ಕಸದಿಂದ ಹೋಗುತ್ತದೆ, ಇನ್ನೊಂದು ಪಾಲು ಮತದಾರರ ಜೇಬಿನಿಂದ. ಮೊದಲನೆಯದಕ್ಕೆ ಲೆಕ್ಕಪತ್ರ ಇದೆ. ಎರಡನೆಯದನ್ನು ಯಾರೂ ಬರೆದಿಡುವುದಿಲ್ಲ.

1993ರ ಆಗಸ್ಟ್‌ನಲ್ಲಿ ಮುಖ್ಯ ಚುನಾವಣಾ ಆಯುಕ್ತ ಟಿ.ಎನ್. ಶೇಷನ್ ಫೋಟೋ ಇರುವ ಗುರುತಿನ ಚೀಟಿ ಕೊಡಲೇಬೇಕು ಎಂದು ಆದೇಶ ಮಾಡಿದಾಗ ಎದ್ದ ದೊಡ್ಡ ತಕರಾರು ದುಡ್ಡಿನದೇ. ಇಷ್ಟು ಕೋಟಿ ಜನರ ಫೋಟೋ ತೆಗೆಸಲು ಹಣ ಎಲ್ಲಿಂದ ತರೋಣ ಎಂದು ರಾಜ್ಯಗಳು ಕೇಳಿದವು. 1995ರ ಜನವರಿ 1ರ ನಂತರ ಕಾರ್ಡ್ ಇಲ್ಲದೆ ಚುನಾವಣೆಯೇ ಇಲ್ಲ ಎಂದು ಶೇಷನ್ ಪಟ್ಟು ಹಿಡಿದರು. ಕಾರ್ಡ್ ಆಗಿಲ್ಲ ಎಂಬ ಕಾರಣಕ್ಕೆ ಚುನಾವಣೆ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಕಾರ್ಡಿನ ಖರ್ಚನ್ನು ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಹಂಚಿಕೊಂಡವು.

ಕಾರ್ಡ್ ಮುದ್ರಿಸುವುದು ಸಣ್ಣ ಖರ್ಚು. ಅದರ ಹಿಂದಿನ ಮತದಾರರ ಪಟ್ಟಿಯನ್ನು ಸರಿಯಾಗಿ ಇಡುವುದೇ ದೊಡ್ಡ ಕೆಲಸ. ಕರ್ನಾಟಕದಲ್ಲಿ 2023ರ ವಿಧಾನಸಭೆ ಚುನಾವಣೆಗೆ 58 ಸಾವಿರಕ್ಕೂ ಜಾಸ್ತಿ ಮತಗಟ್ಟೆಗಳಿದ್ದವು. ಪ್ರತಿ ಮತಗಟ್ಟೆಗೂ ಪಟ್ಟಿ ನೋಡಿಕೊಳ್ಳುವ ಒಬ್ಬ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬೇಕು. ಶಾಲಾ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರೇ ಹೆಚ್ಚಾಗಿ ಈ ಕೆಲಸ ಮಾಡುವುದು. ಅವರ ವಾರ್ಷಿಕ ಗೌರವಧನ ಬಹಳ ಕಾಲ 6,000 ರೂಪಾಯಿ ಇತ್ತು. 2025ರಲ್ಲಿ ಚುನಾವಣಾ ಆಯೋಗ ಅದನ್ನು ಕನಿಷ್ಠ 12,000 ಮಾಡಿತು. ಆಗಲೂ ತಿಂಗಳಿಗೆ ಸಾವಿರ ಅಷ್ಟೇ. ಅವರು ಮನೆ ಮನೆ ಸುತ್ತುವಾಗ ತಪ್ಪಿಹೋದ ಪಾಠಗಳಿಗೆ ಯಾವ ಲೆಕ್ಕದಲ್ಲೂ ಜಾಗ ಇಲ್ಲ.

ಇನ್ನು ಮತದಾರರ ಪಾಲು. ಮದುವೆಯಾಗಿ ಊರು ಬಿಟ್ಟ ಹೆಣ್ಣುಮಕ್ಕಳು, ಬಾಡಿಗೆ ಮನೆ ಬದಲಿಸುತ್ತಲೇ ಇರುವವರು, ರಾಯಚೂರು-ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರು, ಇವರೇ ನಮ್ಮ ಕಿಟಕಿ ಮುಂದೆ ಹೆಚ್ಚು ನಿಲ್ಲುತ್ತಿದ್ದರು. ವಿಳಾಸ ಬದಲಾವಣೆಗೂ, ಹೆಸರಿನ ತಿದ್ದುಪಡಿಗೂ, ಕಳೆದುಹೋದ ಕಾರ್ಡಿಗೂ ಈಗ ಇರುವುದು ಒಂದೇ ನಮೂನೆ, ಫಾರ್ಮ್ 8. ಮೊಬೈಲಲ್ಲೇ ತುಂಬಬಹುದು, ನಿಜ. ಆದರೆ ಪರಿಶೀಲನೆಗೆ ಬಿಎಲ್‌ಒ ಮನೆಗೆ ಬಂದಾಗ ಕೂಲಿಯವರು ಕೆಲಸದ ಜಾಗದಲ್ಲಿರುತ್ತಾರೆ. ಮತ್ತೆ ಓಡಾಟ ಶುರು. 2025-26ರಲ್ಲಿ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎರಡು ದಿನ ಕಚೇರಿಗೆ ಅಲೆದರೆ 740 ರೂಪಾಯಿ ಹೋಯಿತು. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಚಾರ್ಜ್ ಉಳಿದರೂ ಕೂಲಿ ವಾಪಸ್ ಬರುವುದಿಲ್ಲ ಅಲ್ವಾ?

ಈ ಹೊರೆ ನಮ್ಮಲ್ಲಿ ಇನ್ನೂ ಜಾಸ್ತಿ ಆಗದಿರಲು ಕಾರಣ ಆಯೋಗದ ಒಂದು ಒಳ್ಳೆಯ ನಿರ್ಧಾರ. ಎಪಿಕ್ ಇಲ್ಲದಿದ್ದರೆ ಬೇರೆ ದಾಖಲೆ ತೋರಿಸಬಹುದು. 2024ರ ಲೋಕಸಭಾ ಚುನಾವಣೆಯಲ್ಲಿ ಅಂಥವು 12 ಇದ್ದವು. ಆಧಾರ್, ಪಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಅಷ್ಟೇ ಅಲ್ಲ, ಫೋಟೋ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್, ಪಿಂಚಣಿ ದಾಖಲೆ, ಅಂಗವಿಕಲರ ಯುಡಿಐಡಿ ಕಾರ್ಡ್ ಕೂಡ ನಡೆಯುತ್ತಿತ್ತು. ಕಾರ್ಡಿನಲ್ಲಿ ಹೆಸರಿನ ಕಾಗುಣಿತ ತಪ್ಪಿದ್ದರೂ ಆಳು ಯಾರೆಂದು ಗೊತ್ತಾದರೆ ತಡೆಯಬಾರದು. ಬೇರೆ ಕ್ಷೇತ್ರದ ಕಾರ್ಡ್ ಆದರೂ ಆ ಮತಗಟ್ಟೆಯ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ತರಬೇತಿಯಲ್ಲಿ ಮತಗಟ್ಟೆಯ ಮುಖ್ಯಸ್ಥರಾದ ಪ್ರಿಸೈಡಿಂಗ್ ಅಧಿಕಾರಿಗಳಿಗೆ ನಾವು ಒತ್ತಿ ಹೇಳುತ್ತಿದ್ದ ಮಾತುಗಳಿವು.

ಇನ್ನೊಂದು ನಿಯಮ ನನಗೆ ಬಹಳ ಇಷ್ಟ. 'ಇವರು ಆ ಮತದಾರರಲ್ಲ' ಎಂದು ಮತಗಟ್ಟೆಯಲ್ಲಿ ಕೂರುವ ಅಭ್ಯರ್ಥಿಯ ಯಾವುದೇ ಏಜೆಂಟ್ ಆಕ್ಷೇಪ ಎತ್ತಬೇಕಾದರೆ ಮೊದಲು 2 ರೂಪಾಯಿ ಠೇವಣಿ ಇಡಬೇಕು. ಸುಮ್ನೆ ಕಿರುಕುಳಕ್ಕೆ ಎತ್ತಿದ ಆಕ್ಷೇಪ ಅಂತ ಕಂಡರೆ ಆ ಹಣ ಮುಟ್ಟುಗೋಲು. ಮೊತ್ತ ಚಿಕ್ಕದು. ಆದರೆ ಅನುಮಾನಪಡುವವರೇ ದುಡ್ಡು ಕಟ್ಟಬೇಕು ಎಂದು ಕಾನೂನು ಹೇಳಿದೆ. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಶಾಯಿಯೂ ಹಾಗೆಯೇ, ಎರಡನೇ ಸಲ ಮತ ಹಾಕುವುದನ್ನು ಅದು ಮತದಾರರಿಗೆ ಒಂದು ಪೈಸೆ ಖರ್ಚಿಲ್ಲದೆ ತಡೆಯುತ್ತದೆ.

ದಾಖಲೆಗಳ ಪಟ್ಟಿ ಚಿಕ್ಕದಾದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ನೋಡಿ. ಇಂಗ್ಲೆಂಡಿನಲ್ಲಿ 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಿಂದ ಫೋಟೋ ಗುರುತು ಕಡ್ಡಾಯವಾಯಿತು. ಏನೂ ಇಲ್ಲದವರಿಗೆ ಸರ್ಕಾರವೇ ಉಚಿತ ಪ್ರಮಾಣಪತ್ರ ಕೊಟ್ಟಿತು. ಆದರೂ ಮತಗಟ್ಟೆವರೆಗೆ ಬಂದ ಸುಮಾರು 14,000 ಜನರಿಗೆ ಗುರುತಿನ ಕಾರಣಕ್ಕೆ ಮತ ಹಾಕಲಾಗಲಿಲ್ಲ ಎಂದು ಅಲ್ಲಿನ ಚುನಾವಣಾ ಆಯೋಗ ಹೇಳಿತು. ಲಂಡನ್ನಿನಲ್ಲಿ ವಯಸ್ಸಾದವರ ಪ್ರಯಾಣದ ಕಾರ್ಡ್ ನಡೆಯುತ್ತದೆ, ವಿದ್ಯಾರ್ಥಿಗಳದ್ದು ನಡೆಯುವುದಿಲ್ಲ.

ನಮ್ಮಲ್ಲೂ 'ಒಂದೇ ಕಾರ್ಡ್ ಸಾಕು, ಉಳಿದದ್ದೆಲ್ಲ ತೆಗೆಯಿರಿ' ಎನ್ನುವವರಿದ್ದಾರೆ. ಮತಗಟ್ಟೆಯಲ್ಲಿ ಕಾರ್ಡ್ ನೋಡುವುದರಿಂದ ಇನ್ನೊಬ್ಬರ ಹೆಸರಲ್ಲಿ ಮತ ಹಾಕುವುದನ್ನು ತಡೆಯಬಹುದು. ಪಟ್ಟಿಯಲ್ಲೇ ಸುಳ್ಳು ವಿಳಾಸ ಸೇರಿದ್ದರೆ ಆ ಮನುಷ್ಯನ ಕೈಯಲ್ಲಿ ಅಸಲಿ ಕಾರ್ಡೇ ಇರುತ್ತದೆ! ಆದ್ದರಿಂದ ಹೊಸ ಹಣ ಇದ್ದರೆ ಅದನ್ನು ಪಟ್ಟಿಗೆ ಹಾಕಿ. ಬಿಎಲ್‌ಒಗಳಿಗೆ ಸರಿಯಾದ ಸಂಬಳ ಕೊಡಿ. ಭಾನುವಾರ, ಸಂಜೆ ಹೊತ್ತು ಕೂಲಿ ಕಾರ್ಮಿಕರ ಶೆಡ್‌ಗಳ ಹತ್ತಿರವೇ ಫಾರ್ಮ್ 8 ತುಂಬಿಸುವ ಶಿಬಿರ ಮಾಡಿ. ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಇಷ್ಟು: ಚುನಾವಣೆ ಘೋಷಣೆ ಆಗುವವರೆಗೆ ಕಾಯದೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ಪಟ್ಟಿಯಲ್ಲಿ ಹೆಸರಿದೆಯಾ ವಿಚಾರಿಸಿ. ಮನೆಕೆಲಸಕ್ಕೆ ಬರುವವರ ಹೆಸರನ್ನೂ ಜೊತೆಗೇ ನೋಡಿಕೊಡಿ.