ಇಂಡಿಕಾ ವಿ2 ಎಷ್ಟನೇ ತಲೆಮಾರಿನ ಕಾರು? ಅದು ರೋವರ್ ಕಾಪಿ ಅನ್ನೋದು ನಿಜಾನಾ?

ಪ್ರಶ್ನೆ: ಅಪ್ಪನ ಹತ್ತಿರ ಹಳೇ ಇಂಡಿಕಾ ವಿ2 ಡೀಸೆಲ್ ಇದೆ. ವಿ2 ಅಂದ್ರೆ ಎರಡನೇ ತಲೆಮಾರು ಅಲ್ವಾ? ಇಂಗ್ಲೆಂಡಿನ ರೋವರ್ ಕಾರನ್ನೇ ಕಾಪಿ ಹೊಡೆದು ಇಂಡಿಕಾ ಮಾಡಿದ್ದು ಅಂತಾರೆ. ಹೌದಾ?

ಉತ್ತರ: ಎರಡಕ್ಕೂ ಅಲ್ಲ.

ಪುಣೆ ಪಕ್ಕದ ಭೋಸರಿಯಲ್ಲಿ ಗ್ಯಾರೇಜ್ ಇಟ್ಟುಕೊಂಡು ಇಷ್ಟು ವರ್ಷವಾಯಿತು. ಈ ಎರಡು ಪ್ರಶ್ನೆ ಕೇಳದ ತಿಂಗಳಿಲ್ಲ. ಮದುವೆ ಮನೆಯಲ್ಲಿ ಕೇಳುತ್ತಾರೆ, ವಿಜಯಪುರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ. ಪಿಂಪ್ರಿ ಚಿಂಚ್‌ವಡದಲ್ಲೇ ಹುಟ್ಟಿ ಬೆಳೆದ ನಮ್ಮ ಕನ್ನಡದ ಹುಡುಗರೂ ಕೇಳುತ್ತಾರೆ. ಅದೇ ನನಗೆ ಬೇಜಾರು. ಈ ಕಾರು ಹುಟ್ಟಿದ್ದು ಅವರ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ!

ತಲೆಮಾರಿನ ಲೆಕ್ಕ ಬೇಗ ಮುಗಿಸುತ್ತೇನೆ. ಇಂಡಿಕಾಗೆ ಇರುವುದು ಎರಡೇ ತಲೆಮಾರು. ಮೊದಲನೆಯದು 1998ರ ಡಿಸೆಂಬರ್ ಕೊನೆಗೆ ಮಾರಾಟಕ್ಕೆ ಬಂತು. ಟಾಟಾ ಮೋಟಾರ್ಸ್ ಕಂಪನಿಗೆ ಆಗ ಟೆಲ್ಕೋ ಅಂತ ಹೆಸರು. ಶುರುವಿನ ಗಾಡಿಗಳ ಬಗ್ಗೆ ತುಂಬಾ ದೂರು ಇತ್ತು. ಸದ್ದು ಜಾಸ್ತಿ, ಟಯರ್ ಬೇಗ ಸವೆಯುತ್ತೆ ಅಂತ. ಕಂಪನಿ ಅದನ್ನೆಲ್ಲ ಸರಿ ಮಾಡಿ 2001ರಲ್ಲಿ ವಿ2 ಅಂತ ಬಿಟ್ಟಿತು. ವಿ ಅಂದರೆ ವರ್ಷನ್. ಅದೇ ಬಾಡಿ, ಅದೇ ಅಳತೆ, ತಿದ್ದಿದ ಗಾಡಿ. ಆಮೇಲೆ ಗ್ರಿಲ್ ಬದಲಾಯಿತು, ಜೆಟಾ ಅಂತ ಪೆಟ್ರೋಲ್ ಬಂತು, ಇವಿ2 ಬಂತು. ಎಲ್ಲವೂ ಮೊದಲ ತಲೆಮಾರೇ. ನಿಜವಾದ ಎರಡನೇ ತಲೆಮಾರು 2008ರ ವಿಸ್ಟಾ. ವಿಸ್ಟಾ ಬಂದ ಮೇಲೂ ಹಳೆಯದು ಪಕ್ಕದಲ್ಲೇ ಮಾರಾಟವಾಗುತ್ತಿತ್ತು. ಗೊಂದಲ ಆಗಿದ್ದು ಅಲ್ಲೇ.

ನಿಮ್ಮದು ಯಾವುದು ಅಂತ ಗೊತ್ತಾಗಬೇಕಾ? ಆರ್‌ಸಿ ತೆಗೆಯಿರಿ. ವ್ಹೀಲ್ ಬೇಸ್ ಅಂತ ಒಂದು ಸಾಲು ಇರುತ್ತದೆ, ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ, ಮಿಲಿಮೀಟರಿನಲ್ಲಿ. 2400 ಇದ್ದರೆ ಹಳೇ ಬಾಡಿ, 2470 ಇದ್ದರೆ ವಿಸ್ಟಾ. ಸಿಸಿ ನೋಡಿ ಹೇಳೋಕೆ ಹೋಗಬೇಡಿ. 1405 ಸಿಸಿಯ ಎಂಜಿನ್ ಎರಡರಲ್ಲೂ ಬಂದಿದೆ. ಆರ್‌ಸಿ ಕೈಯಲ್ಲಿ ಇಲ್ಲವಾ, ಸ್ಟೀರಿಂಗ್ ಹಿಂದೆ ನೋಡಿ. ಮೀಟರ್ ಅಲ್ಲಿ ಇಲ್ಲದಿದ್ದರೆ ಅದು ವಿಸ್ಟಾ. ಶುರುವಿನ ವಿಸ್ಟಾಗಳಲ್ಲಿ ಮೀಟರನ್ನು ಡ್ಯಾಶ್‌ಬೋರ್ಡ್ ನಡುವೆ ಇಟ್ಟಿದ್ದರು. ಇಂಡಿಕಾ ಬಿಟ್ಟು ವಿಸ್ಟಾ ತಗೊಂಡ ನನ್ನ ಒಬ್ಬ ಗಿರಾಕಿ ಎಷ್ಟೋ ದಿನ ಸ್ಟೀರಿಂಗ್ ಹಿಂದಿನ ಖಾಲಿ ಜಾಗವನ್ನೇ ನೋಡುತ್ತಿದ್ದರು. ಕಣ್ಣಿಗೆ ಅಭ್ಯಾಸ ಬಿದ್ದಿತ್ತು. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಬರೀ ಇಂಡಿಕಾ ಅಂತ ಕೇಳಿ ಹೆಡ್‌ಲ್ಯಾಂಪ್ ತಂದು, ಕೂರಲ್ಲ ಅಂತ ವಾಪಸ್ ಹೊತ್ತುಕೊಂಡು ಹೋದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ನಿಮ್ಮಪ್ಪನದು ವಿ2, ಹಾಗಾಗಿ 2400.

ಈಗ ರೋವರ್ ವಿಷಯ. ಇದನ್ನು ಸುಮ್ನೆ ಬಿಡಲ್ಲ.

ಸಾಮಾನ್ಯವಾಗಿ ಒಂದು ಫೋಟೋ ತೋರಿಸುತ್ತಾರೆ. ಇಂಗ್ಲೆಂಡಿನ ಯಾವುದೋ ಬೀದಿ. ನಿಂತಿರೋದು ಥೇಟ್ ನಮ್ಮ ಇಂಡಿಕಾ. ಹಿಂದಿನ ಗಾಜಿನ ಪಕ್ಕದ ಕಂಬದ ಉದ್ದಕ್ಕೂ ಮೇಲೆ ಹೋಗುವ ಅದೇ ಹಿಂದಿನ ಲೈಟು, ಅದೇ ಬಾಗಿಲು. ಆದರೆ ಮೇಲೆ ರೋವರ್ ಅಂತ ಬ್ಯಾಡ್ಜ್. "ನೋಡಿ, ಒರಿಜಿನಲ್ ಇಲ್ಲಿದೆ" ಅನ್ನುತ್ತಾರೆ. ಆ ಫೋಟೋ ಸುಳ್ಳಲ್ಲ. ಕಾರಿನ ಹೆಸರು ಸಿಟಿರೋವರ್. ಅದು ಮಾರಾಟಕ್ಕೆ ಬಂದಿದ್ದು 2003ರಲ್ಲಿ. ಇಂಡಿಕಾವನ್ನು ದೆಹಲಿಯ ಆಟೋ ಎಕ್ಸ್‌ಪೋದಲ್ಲಿ ಜನರಿಗೆ ತೋರಿಸಿದ್ದು 1998ರ ಜನವರಿಯಲ್ಲಿ. ಐದು ವರ್ಷ ಮೊದಲೇ ಹುಟ್ಟಿದ ಅಣ್ಣ ತಮ್ಮನ ಕಾಪಿ ಆಗೋದು ಹೇಗೆ?

ನಡೆದದ್ದು ತಿರುಗಾಮುರುಗಾ. ಆಗ ಎಂಜಿ ರೋವರ್ ಹತ್ತಿರ ಒಂದು ಹೊಸ ಸಣ್ಣ ಕಾರಿಗೆ ದುಡ್ಡಿರಲಿಲ್ಲ. ಟಾಟಾ ಜೊತೆ ಒಪ್ಪಂದ ಮಾಡಿಕೊಂಡರು. ಬಂಪರ್, ಗ್ರಿಲ್ ಬದಲಾಯಿಸಿ, ಸಸ್ಪೆನ್ಶನ್ ಅಲ್ಲಿನ ರಸ್ತೆಗೆ ಹೊಂದಿಸಿ, 1.4 ಲೀಟರ್ ಪೆಟ್ರೋಲ್ ಎಂಜಿನ್ ಹಾಕಿ, ಪುಣೆಯಲ್ಲೇ ಕಟ್ಟಿ ಹಡಗಿಗೆ ಹತ್ತಿಸಿದರು. 2005ರ ಏಪ್ರಿಲ್‌ನಲ್ಲಿ ಎಂಜಿ ರೋವರ್ ಬಾಗಿಲು ಹಾಕಿತು, ಸಿಟಿರೋವರ್ ಕಥೆ ಅಲ್ಲಿಗೆ ಮುಗಿಯಿತು. ಅಲ್ಲಿನವರು ಅದನ್ನು ಹೊಗಳಲಿಲ್ಲ, ಬೆಲೆ ಜಾಸ್ತಿ ಆಯಿತು ಅಂದರು. ಅದು ಬೇರೆ ಮಾತು. ಬ್ರಿಟಿಷ್ ಹೆಸರು ಹೊತ್ತು ಇಂಗ್ಲೆಂಡಿನ ಬೀದಿಯಲ್ಲಿ ಓಡಿದ್ದು ಪಿಂಪ್ರಿಯ ಮಂದಿ ಕೈಯಾರೆ ಜೋಡಿಸಿದ ಗಾಡಿ. ಅದರಲ್ಲಿ ಕಲಬುರಗಿ, ವಿಜಯಪುರದಿಂದ ಬಂದವರೂ ಇದ್ದರು. ಅವರ ಮಕ್ಕಳೇ ಇವತ್ತು ಕಾಪಿ ಅಂದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಕನ್ನಡದವರಲ್ಲಿ ಈ ಗೊಂದಲಕ್ಕೆ ಇನ್ನೊಂದು ಕಾರಣ ಇರಬಹುದು ಅಂತ ನನಗೆ ಅನ್ನಿಸುತ್ತದೆ. ಬೆಂಗಳೂರಿನ ಸಿಪಾನಿ ಕಂಪನಿ 90ರ ದಶಕದಲ್ಲಿ ರೋವರ್ ಮಾಂಟೆಗೊ ಕಾರನ್ನು ಇಲ್ಲಿ ಜೋಡಿಸಿ ಮಾರುತ್ತಿತ್ತು. ಹಳಬರಿಗೆ ರೋವರ್ ಹೆಸರು ಕಿವಿಗೆ ಬಿದ್ದಿರುತ್ತದೆ. ಅದು ನಿಜವಾಗಿಯೂ ಅಲ್ಲಿಂದ ಇಲ್ಲಿಗೆ ಬಂದ ಕಾರು. ಇಂಡಿಕಾ ಇಲ್ಲಿಂದ ಅಲ್ಲಿಗೆ ಹೋದದ್ದು.

ಇಷ್ಟು ಹೇಳಿದ ಮೇಲೆ ವಾದ ಮಾಡುವವರು ಇನ್ನೊಂದು ದಾರಿ ಹಿಡಿಯುತ್ತಾರೆ. "ಡಿಸೈನ್ ಇಟಲಿದು, ಮಷಿನ್ ಆಸ್ಟ್ರೇಲಿಯಾದ್ದು, ನಮ್ಮದೇನು ಉಳೀತು?" ಎರಡೂ ಸಂಗತಿ ನಿಜ. ಹೊರಗಿನ ರೂಪಕ್ಕೆ ಕೈ ಹಾಕಿದ್ದು ಟ್ಯೂರಿನ್‌ನ ಐಡಿಯಾ ಅನ್ನುವ ಡಿಸೈನ್ ಸಂಸ್ಥೆ. ದುಡ್ಡು ಕೊಟ್ಟು ಮಾಡಿಸಿದ ಕೆಲಸ. ಮನೆ ಪ್ಲಾನ್ ಬರೆದವರು ಬೇರೆ ಊರಿನವರಾದರೆ ಮನೆ ಅವರದಾಗುತ್ತಾ? ಇನ್ನು ಮಷಿನ್. ಆಸ್ಟ್ರೇಲಿಯಾದಲ್ಲಿ ನಿಸ್ಸಾನ್ ಮುಚ್ಚಿದ್ದ ಒಂದು ಕಾರ್ಖಾನೆಯ ಸಲಕರಣೆಯನ್ನು ಟಾಟಾ ಅಗ್ಗಕ್ಕೆ ಕೊಂಡಿತು. ಬಿಚ್ಚಿ, ಹಡಗಿನಲ್ಲಿ ತಂದು, ಪಿಂಪ್ರಿಯಲ್ಲಿ ಮತ್ತೆ ನಿಲ್ಲಿಸಿತು. ಹೊಸದಾಗಿ ಹಾಕಿದ್ದರೆ ಯೋಜನೆಯ 1,700 ಕೋಟಿ ರೂಪಾಯಿ ಎಲ್ಲಿಗೂ ಸಾಲುತ್ತಿರಲಿಲ್ಲ. ಪಕ್ಕದ ಮನೆಯ ಒರಳಲ್ಲಿ ರುಬ್ಬಿದ ಮಾತ್ರಕ್ಕೆ ಹಿಟ್ಟು ಅವರದಲ್ಲ.

ನಮ್ಮದು ಉಳಿದದ್ದು ಯೋಚನೆ. ಅಂಬಾಸಿಡರ್‌ನ ಒಳಜಾಗ, ಝೆನ್‌ನ ಅಳತೆ, ಮಾರುತಿ 800ರ ಹತ್ತಿರದ ಬೆಲೆ, ಡೀಸೆಲ್‌ನ ಖರ್ಚು. ರತನ್ ಟಾಟಾ ಕೇಳಿದ್ದು ಇಂಥ ಕಾರು. ಇದು ಹೊರಗಿನವರಿಗೆ ಹೊಳೆಯುವ ಮಾತಲ್ಲ. ಹಿಂದಿನ ಸೀಟಿನಲ್ಲಿ ಅಜ್ಜಿ, ಅವ್ವ, ಎರಡು ಮಕ್ಕಳನ್ನು ಕೂರಿಸಿಕೊಂಡು, ಕಾಲ ಬಳಿ ಜೋಳದ ಹಿಟ್ಟಿನ ಚೀಲ ಇಟ್ಟುಕೊಂಡು ಸೋಲಾಪುರದ ಮೇಲೆ ಊರಿಗೆ ಹೋಗುವವರ ಕಷ್ಟ ಗೊತ್ತಿದ್ದವರಿಗೆ ಮಾತ್ರ ಹೊಳೆಯುವುದು. ಮೊದಲ ವಾರದಲ್ಲೇ 1 ಲಕ್ಷ 15 ಸಾವಿರ ಬುಕಿಂಗ್ ಆಗಿದ್ದು ಸುಮ್ನೆ ಅಲ್ಲ.

ಹೊರಗಿನ ಎಂಜಿನ್ ಇದ್ದ ಇಂಡಿಕಾ ಬೇಕು ಅಂದರೆ ವಿಸ್ಟಾ ನೋಡಿ. ಅದರ 1.3 ಕ್ವಾಡ್ರಾಜೆಟ್ ಡೀಸೆಲ್ ಫಿಯಟ್‌ನದು. 1248 ಸಿಸಿ, 75 ಕುದುರೆ ಶಕ್ತಿ. ನಮ್ಮ ರಂಜಣಗಾಂವ್‌ನಲ್ಲಿ ಟಾಟಾ ಮತ್ತು ಫಿಯಟ್ ಸೇರಿ ನಡೆಸುತ್ತಿದ್ದ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಸ್ವಿಫ್ಟ್ ಡೀಸೆಲ್‌ನಲ್ಲಿ ಇದ್ದದ್ದೂ ಅದೇ ಫಿಯಟ್ ಎಂಜಿನ್. ಸ್ವಿಫ್ಟ್ ಇಟ್ಟುಕೊಂಡವರು ವಿಸ್ಟಾ ಎಂಜಿನ್ ಬಗ್ಗೆ ಕೆಟ್ಟದಾಗಿ ಮಾತಾಡಿದಾಗ ನಾನು ಎರಡರ ಬಾನೆಟ್ ಎತ್ತಿ ಪಕ್ಕಪಕ್ಕ ತೋರಿಸುತ್ತೇನೆ.

ಇಂಡಿಕಾದ ಡಿಕ್ಕಿ ಇದ್ದ ತಮ್ಮ ಇಂಡಿಗೋ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಇಂಡಿಗೋ ಸಿಎಸ್ (ಕಾಂಪ್ಯಾಕ್ಟ್ ಸೆಡಾನ್) ಡಿಕ್ಕಿಯನ್ನು ಯಾರೋ ಗರಗಸದಿಂದ ಕತ್ತರಿಸಿದ ಹಾಗಿದೆ ಅಲ್ವಾ? ಕತ್ತರಿಸಿದ್ದು ತೆರಿಗೆ. 2006ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. ಷರತ್ತು ಇಷ್ಟೇ: ಉದ್ದ 4 ಮೀಟರ್ ದಾಟಬಾರದು, ಎಂಜಿನ್ ಡೀಸೆಲ್ ಆದರೆ 1500 ಸಿಸಿ, ಪೆಟ್ರೋಲ್ ಆದರೆ 1200 ಸಿಸಿ ಒಳಗಿರಬೇಕು. ಇಂಡಿಗೋದ ಡೀಸೆಲ್ 1405, ಅದಕ್ಕೆ ತೊಂದರೆ ಇಲ್ಲ. ಉದ್ದ ಮಾತ್ರ 4150 ಮಿಲಿಮೀಟರ್ ಇತ್ತು. 2008ರಲ್ಲಿ ಹಿಂದಿನಿಂದ ಮೊಟಕು ಮಾಡಿ 3988ಕ್ಕೆ ತಂದರು. ಆಮೇಲೆ ಡಿಸೈರ್ ಬಂತು, ಅಮೇಜ್ ಬಂತು, ಎಲ್ಲರೂ ಅದೇ ಅಳತೆಗೆ ಬಂದರು. ನಾಲ್ಕು ಮೀಟರಿನೊಳಗೆ ಡಿಕ್ಕಿ ಕೂರಿಸುವ ಕೆಲಸ ಇಲ್ಲಿ ಮೊದಲು ಮಾಡಿದ್ದು ಇಂಡಿಗೋ ಸಿಎಸ್.

ಇಂಡಿಕಾ, ಇಂಡಿಗೋ ಎರಡೂ 2018ರಲ್ಲಿ ನಿಂತವು. ಅಪ್ಪನ ಗಾಡಿಯ ಟೈಮಿಂಗ್ ಬೆಲ್ಟ್ ಕೊನೆಗೆ ಯಾವಾಗ ಬದಲಾಯಿಸಿದ್ದು ಅಂತ ಒಮ್ಮೆ ಕೇಳಿ ನೋಡಿ. ನೆನಪಿಲ್ಲ ಅಂದರೆ ಊರಿಗೆ ಹೊರಡುವ ಮುಂಚೆ ಹಾಕಿಸಿ.