ಡಿಫ್ರಾಕ್ಷನ್ ಸ್ಪೈಕ್: ನಕ್ಷತ್ರಕ್ಕೆ ಮುಳ್ಳು ಎಲ್ಲಿಂದ ಬಂತು?

ಲುಬ್ಧಕದಂಥ ಹೊಳೆಯುವ ನಕ್ಷತ್ರದ ಫೋಟೋ ತೆಗೆದರೆ ಅದರ ಸುತ್ತ ಕೂಡಿಸುವ ಚಿಹ್ನೆಯ ಹಾಗೆ ನಾಲ್ಕು ಬೆಳಕಿನ ಮುಳ್ಳು ಕಾಣುವುದುಂಟು. ಇವೇ ಡಿಫ್ರಾಕ್ಷನ್ ಸ್ಪೈಕ್. ಡಿಫ್ರಾಕ್ಷನ್ ಅಂದರೆ ಶಾಲೆಯಲ್ಲಿ ಓದಿದ ವಿವರ್ತನೆ: ಯಾವುದೋ ಅಂಚನ್ನು ದಾಟುವಾಗ ಬೆಳಕು ಸ್ವಲ್ಪ ಬಾಗಿ ಹರಡುವುದು. ಮುಳ್ಳು ಹುಟ್ಟುವುದು ಆಕಾಶದಲ್ಲಲ್ಲ, ಟೆಲಿಸ್ಕೋಪಿನೊಳಗೆ.

ನ್ಯೂಟನ್ ಮಾದರಿಯ ಟೆಲಿಸ್ಕೋಪಿನ ಬಾಯಿಯ ಹತ್ತಿರ ಒಂದು ಚಿಕ್ಕ ಕನ್ನಡಿ ಇರುತ್ತದೆ. ಅದನ್ನು ನಡುವೆ ಹಿಡಿದಿರುವುದು ತೆಳ್ಳಗಿನ ಲೋಹದ ಪಟ್ಟಿಗಳು. ಈ ಜೋಡಣೆಗೆ ಸ್ಪೈಡರ್ ಅನ್ನುತ್ತಾರೆ. ಒಂದೊಂದು ಪಟ್ಟಿಯೂ ತನಗೆ ಅಡ್ಡಲಾಗಿ, ಎರಡೂ ಕಡೆಗೆ ಬೆಳಕನ್ನು ಚೆಲ್ಲುತ್ತದೆ. ಹಾಗಾದರೆ ನಾಲ್ಕು ಪಟ್ಟಿಗೆ ಎಂಟು ಮುಳ್ಳು ಬರಬೇಕು, ಅಲ್ವಾ? ಎದುರುಬದುರು ಪಟ್ಟಿಗಳ ಮುಳ್ಳು ಒಂದರ ಮೇಲೊಂದು ಕೂತುಬಿಡುತ್ತವೆ, ಅದಕ್ಕೇ ನಾಲ್ಕು. ಮೂರೇ ಪಟ್ಟಿ ಇದ್ದರೆ ಆರು! ಜೇಮ್ಸ್ ವೆಬ್‌ ಬಾಹ್ಯಾಕಾಶ ಟೆಲಿಸ್ಕೋಪಿನ ಚಿತ್ರಗಳ ಆರು ದೊಡ್ಡ ಮುಳ್ಳುಗಳಿಗೆ ಮುಖ್ಯ ಕಾರಣ ಅದರ ಆರು ಮೂಲೆಯ ಕನ್ನಡಿಗಳ ಅಂಚು. ಅಡ್ಡಕ್ಕಿರುವ ಎರಡು ಚಿಕ್ಕವು ಅದರ ಚಿಕ್ಕ ಕನ್ನಡಿಯನ್ನು ಹಿಡಿದ ಕಂಬದಿಂದ ಬಂದವು.

ತಲೆ ಕೆಡಿಸುವುದು ಲೆಕ್ಕಕ್ಕೆ ಸಿಗದ ಮುಳ್ಳು. ಒಮ್ಮೆ ನನ್ನ ಕೃತ್ತಿಕೆಯ ಫೋಟೋದಲ್ಲಿ ನಾಲ್ಕರ ಜೊತೆಗೆ ಓರೆಯಾಗಿ ಇನ್ನೊಂದು ಮಸುಕು ಜೋಡಿ ಬಂತು. ಎಡಿಟಿಂಗ್‌ನಲ್ಲೇ ಏನೋ ಎಡವಟ್ಟಾಗಿದೆ ಅಂತ ಎರಡು ರಾತ್ರಿ ಸುಮ್ನೆ ಒದ್ದಾಡಿದೆ. ಹಗಲಲ್ಲಿ ಕೊಳವೆಯ ಬಾಯಿಂದ ಇಣುಕಿದರೆ, ಚಿಕ್ಕ ಕನ್ನಡಿಗೆ ಇಬ್ಬನಿ ಕೂರದಿರಲಿ ಅಂತ ಹಾಕಿದ್ದ ಹೀಟರಿನ ವೈರು ಪಟ್ಟಿಯಿಂದ ಜಾರಿ ಅಡ್ಡಡ್ಡ ನೇತಾಡುತ್ತಿತ್ತು. ಟೇಪ್ ಹಾಕಿ ಪಟ್ಟಿಗೇ ಅಂಟಿಸಿದೆ, ಮುಳ್ಳು ಮಾಯ. ಮುಳ್ಳು ಯಾವ ದಿಕ್ಕಿಗಿದೆಯೋ ಅದಕ್ಕೆ ಸರಿಯಾಗಿ ಅಡ್ಡಲಾಗಿರುವ ವಸ್ತುವನ್ನು ಹುಡುಕಬೇಕು ಅಂತ ಆಗಲೇ ಹೊಳೆದಿದ್ದರೆ ಎರಡು ರಾತ್ರಿ ನಿದ್ದೆ ಉಳಿಯುತ್ತಿತ್ತು.

ಒಂದು ಮುಳ್ಳು ಸಮಾನಾಂತರ ಎರಡು ಗೆರೆಯಾಗಿದ್ದರೆ ಫೋಕಸ್ ತಪ್ಪಿದೆ. ಬುಡದಲ್ಲಿ ಸೇರಿ ತುದಿಯಲ್ಲಿ ಅಗಲವಾದರೆ ಎದುರುಬದುರು ಪಟ್ಟಿಗಳು ಒಂದೇ ನೇರಕ್ಕಿಲ್ಲ. ನಕ್ಷತ್ರವನ್ನು ಯಾರೋ ಒಂದು ಕಡೆ ಕಚ್ಚಿದ ಹಾಗಿದ್ದರೆ ಫೋಕಸರ್, ಅಂದರೆ ಫೋಕಸ್ ಸರಿಮಾಡುವ ಕೊಳವೆ, ಜಾಸ್ತಿ ಒಳಗೆ ಚಾಚಿರಬಹುದು.

ಲೆನ್ಸ್ ಟೆಲಿಸ್ಕೋಪಿಗೆ ಸ್ಪೈಡರೂ ಇಲ್ಲ, ಈ ಮುಳ್ಳೂ ಇಲ್ಲ. ಆದರೆ ಚೆನ್ನಾಗಿ ಕಾಣುತ್ತದೆ ಅಂತ ಅದರ ಬಾಯಿಗೆ ಅಡ್ಡಡ್ಡ ದಾರ ಕಟ್ಟಿ ಮುಳ್ಳು ಬರಿಸಿಕೊಳ್ಳುವವರೂ ಇದ್ದಾರೆ. ನಾನು ವೈರು ಅಂಟಿಸುತ್ತ ಕೂತೆ, ಅವರು ದಾರ ಕಟ್ಟುತ್ತ ಕೂತಿದ್ದಾರೆ.